ಬಲದಿಂದ ಎಡಕ್ಕೆ

"ಎಂತಕ್ಕೆ ಟೀಚರ್ ಅದೆಲ್ಲ?" ಅಂದರು ಕರೆಸ್ಪಾಂಡೆಂಟರು,
"ಕಣ್ಣು ಕಾಣದ ಮಕ್ಕಳು ನಮ್ಮಲ್ಲಿ ಒಂದೂ ಇಲ್ಲವಲ್ಲ."
ಇಲ್ಲ, ನಿಜ.
ಹೋದ ಮೇ ತಿಂಗಳಲ್ಲಿ ಬಂದವಳು
ಅಪ್ಪ ಆಫೀಸಿನಿಂದ ಹೊರಬರುವ ತನಕ
ಗೇಟಿನ ಕಂಬಿಗಳನ್ನು ಬೆರಳಲ್ಲಿ ಎಣಿಸಿ
ಹತ್ತೊಂಬತ್ತು ಅಂದಿದ್ದಳು.
ಆಮೇಲೆ ನಾನೂ ಎಣಿಸಿದೆ. ಸರಿಯಿತ್ತು.

ಮೂರು ದಿನ ಬಿಟ್ಟು ಪತ್ರ ಬಂತು, ದಪ್ಪ ಕಾಗದ,
ಮೇಲೆ ಉಬ್ಬಿಸಿ ಒತ್ತಿದ ಶಾಲೆಯ ಲಾಂಛನ:
ರಜೆ ಇಲ್ಲ, ಶುಲ್ಕ ಇಲ್ಲ, ಸರ್ವಿಸ್ ಬುಕ್ಕಿನಲ್ಲಿ ನಮೂದಿಲ್ಲ.

ಸರಿ. ಶನಿವಾರ ಗಂಟೆ ಬಾರಿಸಿದ್ದೇ
ಸಂತೆಕಟ್ಟೆಯಲ್ಲಿ ಎಕ್ಸ್‌ಪ್ರೆಸ್ ಬಸ್ಸು.
ಮುಲ್ಕಿ ದಾಟುವಾಗ ಕಣ್ಣು ಮುಚ್ಚಿ
ಮೊಣಕಾಲ ಮೇಲೆ ಆರು ಚುಕ್ಕಿ.
ಬಿಜೈಯಲ್ಲಿ ಬೊನಿಫಾಸರ ಮನೆಯ ಜಗಲಿ;
ಬ್ಯಾಂಕಿನ ಟೆಲಿಫೋನ್ ಬೋರ್ಡಿನಲ್ಲಿ ಮೂವತ್ತೊಂದು ವರ್ಷ
ದನಿಗಳನ್ನು ದನಿಗಳಿಗೆ ಸಿಕ್ಕಿಸಿದವರು.
ಫೀಸು ಬೇಡ ಅಂದರು. "ಪೇಪರಿನ ಮರಣದ ಪುಟ ಓದಿ ಹೇಳಿ, ಸಾಕು.
ನಮ್ಮ ಬ್ಯಾಚಿನವರು ಯಾರಾದರೂ ಹೋದರೋ ನೋಡುವ."

ಚುಚ್ಚುವುದು ಬಲದಿಂದ ಎಡಕ್ಕೆ, ಕಾಗದದ ಬೆನ್ನಿಗೆ;
ಮಗುಚಿದರೆ ಅಕ್ಷರ ಎಡದಿಂದ ಬಲಕ್ಕೆ ಏಳುತ್ತದೆ.
'ಲ' ಎಡಗಡೆ ಮೂರು ಚುಕ್ಕಿ, 'ಳ' ಬಲಗಡೆ ಮೂರು.
ಲೆಕ್ಕ ತಪ್ಪಿತೋ,
ಬಳೆ ಬಲೆಯಾಗುತ್ತದೆ, ಮಲ್ಪೆಗೇ ಹೋಗಬೇಕು.
ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವಳು
ಒಂದನೇ ಕ್ಲಾಸಿನ ಹುಡುಗಿಯ ಹಾಗೆ ಬೆವರಿದೆ.
'ಕಲಿತೆ' ಎಂದು ಬರೆದೆ. ಬೊನಿಫಾಸರು ಸವರಿ ನಕ್ಕರು:
"'ಕಳಿತೆ' ಅಂತ ಉಂಟು ಇಲ್ಲಿ.
ಅದೂ ಸುಳ್ಳಲ್ಲ ಬಿಡಿ, ನಲವತ್ತೇಳು ಅಲ್ಲವಾ?"

ದಪ್ಪ ಕಾಗದ ದುಬಾರಿ. ಮನೆಯಲ್ಲಿದ್ದ
ಮದುವೆ ಕರೆಯೋಲೆಗಳೆಲ್ಲ ಮುಗಿದವು, ನಾದಿನಿಯದ್ದೂ.
ಅಂಗೈಯಲ್ಲಿ ಕಡ್ಡಿಯ ಗುಳಿ.
ಶನಿವಾರದ ಮೀಟಿಂಗು ಎರಡು ತಪ್ಪಿತೆಂದು
ಒಂದು ದಿನದ ಸಂಬಳ ಕಡಿತ.

ಮೊನ್ನೆ ಬೇರೇನೂ ಸಿಗದೆ ಆ ಪತ್ರವನ್ನೇ ಮಗುಚಿ
ಸ್ಲೇಟಿಗೆ ಸಿಕ್ಕಿಸಿ ಒಂದು ಪುಟ ತುಂಬಿಸಿದೆ.
ಬೊನಿಫಾಸರ ಬೆರಳು ಸಾಲು ಸಾಲು ನಡೆಯಿತು.
ಈ ಸಲ ಬಳೆ ಬಳೆಯೇ. ಎಲ್ಲೂ ತಡೆಯಲಿಲ್ಲ.
ಹಾಳೆ ಮರಳಿಸುವಾಗ ಮಾತ್ರ
ಹೆಬ್ಬೆರಳು ಮೇಲ್ತುದಿಯಲ್ಲಿ ನಿಂತಿತು,
ಹಿಂದೆ ಬಂತು, ಮತ್ತೆ ಸವರಿತು.
"ಇದು ಯಾವ ಅಕ್ಷರ ಟೀಚರ್?"
"ಅಕ್ಷರ ಅಲ್ಲ. ಆಡಳಿತ ಮಂಡಳಿಯ ಮುದ್ರೆ."
"ಹಾಗೋ," ಅಂದರು. "ಓದಲಿಕ್ಕೆ ಬರುವುದಿಲ್ಲ."