ಇಲಿಯ ಪಾಲು

ಆ ಚಳಿಗಾಲ ಕುತೈಸಿಯಲ್ಲಿ ಕರೆಂಟು
ದಿನಕ್ಕೊಂದು ಗಂಟೆ, ಅದೂ ಬಂದರೆ.
ಶಾಲೆಗೆ ಬೀಗ. ಬ್ರೆಡ್ಡಿನ ಸಾಲಿನಲ್ಲಿ ಅಮ್ಮ.
ನಾನು ಮೂರನೆಯ ಮಹಡಿಗೆ ಹತ್ತಿ
ಪೆಲಾಗಿಯಾಳ ಸೀಮೆಎಣ್ಣೆ ಒಲೆಯ ಪಕ್ಕ ಕೂರುತ್ತಿದ್ದೆ,
ಚೀಲದಲ್ಲಿ ಹತ್ತಿಪ್ಪತ್ತು ಅಕ್ರೋಟು: ನನ್ನ ಬಂಡವಾಳ.

ಉಳಿತಾಯ ಬ್ಯಾಂಕಿನಲ್ಲಿ ಇಪ್ಪತ್ತೇಳು ವರ್ಷ
ಪಾಸ್‌ಬುಕ್ಕಿಗೆ ಮೊಹರು ಒತ್ತಿದ ಕೈ ಅವಳದು.
ನೂರಕ್ಕೆ ಮೂರು, ಠಪ್. ನೂರಕ್ಕೆ ಮೂರು, ಠಪ್.
ಈಗ ಬ್ಯಾಂಕೂ ಇಲ್ಲ, ಆ ನೂರೂ ಇಲ್ಲ,
ಮೊಹರಿನೊಳಗಿದ್ದ ದೇಶವೂ ಇಲ್ಲ.
ಹೆಬ್ಬೆರಳಿನ ನೇರಳೆ ಶಾಯಿ ಮಾತ್ರ ಬಿಟ್ಟಿರಲಿಲ್ಲ.

ನಾರ್ದಿಯ ಹಲಗೆ ಬಿಚ್ಚುವಳು. ದಾಳ ಎರಡು:
ಒಂದು ಬಿಳಿ, ಒಂದು ಚಹಾ ಕುಡಿದ ಹಲ್ಲಿನ ಬಣ್ಣ.
ನಮ್ಮ ಮಾತಿನಲ್ಲಿ ಆರಕ್ಕೆ ಎಕ್ವ್ಸಿ,
ಹಲಗೆಯ ಮೇಲೆ ಮಾತ್ರ ಶಾಶಿ.
ಯಾವ ಕಾಲದ ಪಾರಸಿ ವ್ಯಾಪಾರಿಯೋ
ಸೋತು, ಅಂಕಿಗಳ ಹೆಸರನ್ನೇ ಅಡವಿಟ್ಟು ಹೋದನಂತೆ,
ಬಿಡಿಸಿಕೊಳ್ಳಲು ಬರಲೇ ಇಲ್ಲ.

"ಒಂದಾದರೂ ಶಾಶಿ ಬಿದ್ದರೆ ನಿನಗೆ ಮೂರು ಅಕ್ರೋಟು.
ಎಸೆತಕ್ಕೊಂದು ನನಗೆ. ಆಡ್ತೀಯಾ?"
ಲೆಕ್ಕ ಹಾಕಿಯೇ ಆಡಿದೆ, ಒಂಬತ್ತು ವರ್ಷದ ಜಾಣೆ:
ಬಿಳಿಯದರಲ್ಲಿ ಶಾಶಿ ಆರು ಸಲ, ಹಳದಿಯದರಲ್ಲಿ ಆರು ಸಲ,
ಮೂವತ್ತಾರಕ್ಕೆ ಹನ್ನೆರಡು, ಮೂರರಂತೆ ಮೂವತ್ತಾರು.
ಕೊಟ್ಟದ್ದೆಷ್ಟೋ ಬಂದದ್ದಷ್ಟು. ನಷ್ಟವೆಲ್ಲಿ?

ವಾರದೊಳಗೆ ಚೀಲ ಬರಿದು. ಅತ್ತೆ.
ಅವಳು ತಲೆ ಸವರಲಿಲ್ಲ.
ಸತ್ತ ಪಾಸ್‌ಬುಕ್ಕೊಂದರ ಬೆನ್ನಿಗೆ ಇದ್ದಿಲಿನಿಂದ ಮನೆ ಗೀಚಿದಳು,
ಅಡ್ಡ ಆರು, ಉದ್ದ ಆರು. "ತುಂಬು."
ತುಂಬುತ್ತ ತುಂಬುತ್ತ ಮೂಲೆಯ ಮನೆಗೆ ಬಂದೆ.
ದು-ಶಾಶಿ. ಅತ್ತಲೂ ಆರು, ಇತ್ತಲೂ ಆರು.
ಅಲ್ಲಿ ಆಗಲೇ ನನ್ನ ಗುರುತಿತ್ತು.
ಒಂದೇ ಮನೆಯನ್ನು ಎರಡು ಸಲ ಎಣಿಸಿದ್ದೆ.
ಹನ್ನೊಂದು. ಹನ್ನೆರಡಲ್ಲ.

"ಈ ಒಂದು ಮನೆಯ ಬಾಡಿಗೆಯಲ್ಲೇ
ಲೋಕದ ಜೂಜುಕಟ್ಟೆಗಳೆಲ್ಲ ದೀಪ ಉರಿಸುತ್ತವೆ,"
ಎಂದಳು, ನಮ್ಮ ಬತ್ತಿ ಇಳಿಸುತ್ತ.

ಇನ್ನೊಂದು ದಿನ:
"ಇವತ್ತು ಹತ್ತು ಬೇಕೋ, ಮಾರ್ಚಿಗೆ ಹತ್ತು ಬೇಕೋ?"
ಎರಡೂ ಹತ್ತೇ ಅಲ್ಲವೇ ಎಂದೆ.
ಅಟ್ಟದ ಕಡೆ ಬೆರಳು ತೋರಿದಳು. ಕರಕರ.
"ಮಾರ್ಚಿನ ಹತ್ತರಲ್ಲಿ ಇಲಿಯ ಪಾಲು ಕಳಿ.
ಇಲಿ ಎಷ್ಟು, ಹಸಿವು ಎಷ್ಟು,
ಅದನ್ನು ಊಹಿಸುವುದೇ ನನ್ನ ಕಸುಬು.
ಒಂದು ಇಲಿಯನ್ನು ಮಾತ್ರ ಊಹಿಸಲಾಗಲಿಲ್ಲ."
ಆ ವಾರ ಕೂಪನ್ ನೋಟಿಗೆ
ಇನ್ನೊಂದು ಸೊನ್ನೆ ಹುಟ್ಟಿತ್ತು.

ಬೊಂದೋ ಮಾಮ ಬಂದ, ಹೊಸ ಕಂಪನಿಯ ಚೀಟಿ ಹಿಡಿದು:
ತಿಂಗಳಿಗೆ ದುಪ್ಪಟ್ಟು!
"ಅವರ ದಾಳಕ್ಕೆ ಮುಖ ಎಷ್ಟು, ಬೊಂದೋ?"
ಅವನು ನಕ್ಕು ಕಾರು ಮಾರಿದ.
ಈಸ್ಟರಿನ ಹೊತ್ತಿಗೆ ನಡೆದು ಬರುತ್ತಿದ್ದ.

ಈಗ ನಾನು ತ್ಬಿಲಿಸಿಯಲ್ಲಿ ಆಲಿಕಲ್ಲಿಗೆ ಬೆಲೆ ಕಟ್ಟುತ್ತೇನೆ.
ಕಾಖೆತಿಯ ದ್ರಾಕ್ಷಿತೋಟದವರು ಚೌಕಾಸಿಗೆ ಕೂರುತ್ತಾರೆ:
ಹೋದ ವರ್ಷ ಬಿತ್ತಲ್ಲ, ಈ ವರ್ಷ ಬಿದ್ದೀತೇ?
ಮೋಡದ ಹತ್ತಿರ ಪಾಸ್‌ಬುಕ್ ಇರುವುದಿಲ್ಲ, ಎನ್ನುತ್ತೇನೆ.
ಒಬ್ಬ ಮುದುಕ ಮಾತ್ರ ತಲೆಯಾಡಿಸಿದ. ಉಳಿದವರು ವೈನ್ ಬಗ್ಗಿಸಿದರು.

ಪೆಲಾಗಿಯಾಳ ತಂಗಿಯ ಮಗಳು ಮೊನ್ನೆ ಒಂದು ಲಕೋಟೆ ಕಳಿಸಿದಳು.
ಒಳಗೆ ಅದೇ ಪಾಸ್‌ಬುಕ್, ಅದೇ ಇದ್ದಿಲ ಮನೆಗಳು,
ಮೂಲೆಯದು ಬೆರಳು ತಾಗಿ ಮಸುಕು.
ಕೆಳಗೆ ಅವಳ ಅಕ್ಷರ, ಗುಮಾಸ್ತೆಯ ದುಂಡು ಅಕ್ಷರ:
ಎತೆರಿ. ಬಾಕಿ ಅಕ್ರೋಟು ೨೧೪.

ನೂರಕ್ಕೆ ಮೂರು, ಮೂವತ್ತು ವರ್ಷ, ಬಡ್ಡಿಗೆ ಬಡ್ಡಿ:
ಐನೂರ ಹತ್ತೊಂಬತ್ತು, ಮೇಲೊಂದು ಅರೆ ಚೂರು.
ಚೀಲ ತಂದೆ. ನೆಲದ ಮೇಲೆ ಸುರಿದು ಎಣಿಸಿದೆ,
ಯಾವುದನ್ನೂ ಎರಡು ಸಲ ಎಣಿಸದ ಹಾಗೆ.
ಯಾರಿಗೆ ಕೊಡಲಿ ಎಂದು ತೋಚದೆ
ಬಾಲ್ಕನಿಯಲ್ಲಿಟ್ಟು ಮಲಗಿದೆ.

ನಡುರಾತ್ರಿ
ಕರಕರ.
ಏಳಲಿಲ್ಲ.