ನೂರಾ ಎಪ್ಪತ್ತೆಂಟು

ಐದು ಪುಸ್ತಕದಾಗ ‘ಅದ’ ಅಂತ ಬರದಾರ.
ಐದೂ ತೆಗೆದು ಮೇಜಿನ ಮ್ಯಾಲ ಹರವೀನಿ,
ಸೊಲ್ಲಾಪುರದ ಸಾಖರಪೇಟೆಯ ಈ ಮಾಳಿಗಿ ಖೋಲಿಯೊಳಗ
ಫ್ಯಾನ್ ಹಾಕಿದರ ಹಾಳಿ ಹಾರತಾವ,
ನಿಲ್ಲಿಸಿದರ ಅಕ್ಷರದ ಮ್ಯಾಲ ಬೆವರಿನ ಹನಿ.

ಬಣ್ಣಗಳ ಕೋಶಕ್ಕ ನಮೂದು ತಪಾಸ ಮಾಡೋದು ನನ್ನ ಕೆಲಸ.
ಒಂದಕ್ಕ ಹದಿನೆಂಟು ರೂಪಾಯಿ,
ವಸ್ತು ಇದ್ದರೂ ಅಷ್ಟ, ಇರದಿದ್ದರೂ ಅಷ್ಟ.

ಮೂವತ್ತೊಂದು ಅಕ್ಷರದ ಹೆಸರು ಇದರದು.
ತವರದ ಉಪ್ಪು, ಕಂದು ಹರಳು,
ಕೆಂಪನ್ನ ನೂಲಿಗೆ ಕಚ್ಚಿ ಹಿಡಸತದಂತ,
೧೭೮ ಡಿಗ್ರಿಗೆ ಕರಗತದಂತ.
ಐದೂ ಪುಸ್ತಕ ೧೭೮ ಅಂತಾವ.
ಇಷ್ಟು ಒಮ್ಮತ ನಮ್ಮ ಓಣಿಯ ನಾಕು ಮನಿಯೊಳಗ
ನಳ ಬರೋ ದಿನದ ಬಗ್ಗೆನೂ ಇಲ್ಲ.

ಅದಕ್ಕ ಸಂಶಯ ಬಂತು.
ಅಡಿಟಿಪ್ಪಣಿ ಹಿಡಕೊಂಡು ಹಿಂದ ಹಿಂದಕ್ಕ ಹೋದೆ:
ಐದನೇದು ಮೂರನೇದನ್ನ ನೋಡಿ ಬರದದ್ದು,
ಮೂರನೇದು ಮೊದಲನೇದನ್ನ,
ಮೊದಲನೇದಕ್ಕ ೧೯೦೮ರ ಒಂದು ಜರ್ಮನ್ ಟಿಪ್ಪಣಿ,
ಹನ್ನೊಂದೇ ಸಾಲು. ಬರದವ ಮುಂದ ಏನೂ ಬರೀಲಿಲ್ಲ.
ಮರುವರ್ಷದ ಸಂಪುಟದ ಕಡೀ ಪುಟದಾಗ, ಇರಿವಿಯಂಥ ಅಕ್ಷರದಾಗ:
‘ಅಚ್ಚಿನ ತಪ್ಪು. ೧೭೮ ಅಲ್ಲ, ೧೮೭ ಅಂತ ಓದಿಕೊಳ್ಳಬೇಕು.’
ಐವರೊಳಗ ಒಬ್ಬನೂ ಆ ಪುಟ ತಿರುವಿಲ್ಲ.
ಒಬ್ಬನೂ ಒಲಿ ಹಚ್ಚಿಲ್ಲ.

ಸಂಜಿಗೆ ದಸ್ತಗೀರ ರಂಗರೇಜನ ಮನಿಗೆ ಹೋದೆ.
ಮುತ್ತ್ಯಾನ ಕಾಲದ ಬಾಟ್ಲಿ ಕಪಾಟಿನಿಂದ ಇಳಿಸಿದ.
ಚೀಟಿ ಇಲ್ಲ. ತಳದಾಗ ಒಂದು ಕಂದು ಹಕ್ಕಳಿ.
‘ಕೆಂಪಿನ ತಾಯಿ ಅಂತಿದ್ರು. ಇದು ಬಿದ್ದ ಚಾದರಾ
ಮೂರು ತಲಿ ಒಗದರೂ ಬಣ್ಣ ಬಿಡಲಿಲ್ಲ.’
ಏನೇನು ಕೂಡಿಸಿ ಮಾಡತಿದ್ರು?
‘ಕೈ ಅಳತಿರಿ. ಕೈಗೇ ಗೊತ್ತಿತ್ತು.’

ಜವಾನ ಮಾಳಪ್ಪನ ಕಡೆ ಲ್ಯಾಬಿನ ಕೀಲಿ ಇಸಕೊಂಡು
ಸೂಜಿಯಂಥ ಗಾಜಿನ ನಳಿಯೊಳಗ ಚಿಟಿಕಿ ತುಂಬಿ ಕಾಸಿದೆ.
೧೭೮: ಸುಮ್ಮ ಕುಂತಿತ್ತು.
೧೮೭: ನಾ ಉಸುರು ಬಿಡಲಿಲ್ಲ, ಅದೂ ಅಳ್ಳಾಡಲಿಲ್ಲ.
ಇನ್ನೂರಾ ಹತ್ತಕ್ಕ ಕರಗದನ ಕರಕಲಾತು.

ಅಂದರ, ಹಾಳಿಯ ಮ್ಯಾಲಿನದು ಬಾಟ್ಲಿಯೊಳಗಿಲ್ಲ,
ಬಾಟ್ಲಿಯೊಳಗಿನದು ಯಾವ ಹಾಳಿಯೊಳಗೂ ಇಲ್ಲ.
ಫಾರ್ಮಿನಾಗ ಎರಡೇ ಚೌಕ: ಅದ, ಇಲ್ಲ.
ಎರಡನ್ನೂ ಖಾಲಿ ಬಿಟ್ಟು ಅಂಚಿನಾಗ ಬರದೆ:
‘ಮೂಲ ಒಂದೇ. ಮತ್ತ ಯಾರೂ ಮಾಡಿ ನೋಡಿಲ್ಲ.’
ಹದಿನೆಂಟು ರೂಪಾಯಿ ಬರತಾವೋ ಇಲ್ಲೋ.

ಬಾಟ್ಲಿ ತಿರುಗಿ ಕೊಡಾಕ ಹೋದಾಗ ದಸ್ತಗೀರ ಕೇಳಿದ,
ಹೆಸರು ಸಿಕ್ಕಿತೇನ್ರಿ?
ಇಲ್ಲ ಅಂದೆ.
‘ಇರಲಿ’ ಅಂದ,
ಲುಂಗಿಯ ಚುಂಗಿನಿಂದ ಧೂಳ ಒರಸಿ
ಮತ್ತ ಅದೇ ಜಾಗಾಕ್ಕ ಇಟ್ಟ.