ನಾಲ್ಕನೇ ದಿನ

ನನ್ನ ಹೆಸರು ಟೇಸಿ. ಲ್ಯಾಟಿನ್ನಿನಲ್ಲಿ
'ಸುಮ್ಮನಿರು' ಎಂದರ್ಥವಂತೆ; ಅಪ್ಪ ಹೇಳಿ ಹೇಳಿ ನಗುತ್ತಿದ್ದ.
ನಲವತ್ತು ವರ್ಷ ಹೆಸರಿಗೆ ತಕ್ಕಂತೆಯೇ ಇದ್ದೆ.

ನಮ್ಮ ಕ್ವೇಕರ್ ಜನಕ್ಕೆ ವಾರಗಳ ಹೆಸರಿಲ್ಲ, ಕೂಬಾ.
ಹಳೆಯ ದೇವತೆಗಳ ಹೆಸರು ನಾಲಿಗೆಗೆ ಸಲ್ಲದೆಂದು
ಒಂದನೇ ದಿನ, ಎರಡನೇ ದಿನ ಎನ್ನುತ್ತೇವೆ,
ಕೋಳಿಮೊಟ್ಟೆ ಎಣಿಸಿದ ಹಾಗೆ.
ನೀನು ಬಂದದ್ದು ಬಾರ್ಬಡೋಸಿನ ಹಡಗಿನಲ್ಲಿ,
ಎರಡು ಪೀಪಾಯಿ ಕಾಕಂಬಿಯ ಜೊತೆ, ಒಂದೇ ರಸೀದಿಯಲ್ಲಿ.
ಎನಾಕ್ ಗಾಡಿಯಿಂದ ಮೊದಲು ಇಳಿಸಿದ್ದು ಕಾಕಂಬಿ.
ಹೆಸರೇನೆಂದು ಕೇಳಿದೆ. ಅರ್ಥ ಕೇಳಿದೆ.
'ಬುಧವಾರ ಹುಟ್ಟಿದವಳು.'
ಎನಾಕ್ ಟೋಪಿ ಸರಿಮಾಡಿಕೊಂಡ:
'ಆ ಮಾತು ಈ ಮನೆಯಲ್ಲಿ ಬೇಡ. ನಾಲ್ಕನೇ ದಿನ ಅನ್ನು.'

ಅದೇ ಟೋಪಿ. ತೆಗೆಯಲೊಲ್ಲೆನೆಂದು
ಅವನ ಅಜ್ಜ ಲ್ಯಾಂಕಾಸ್ಟರಿನ ಸೆರೆಮನೆಯಲ್ಲಿ
ಎರಡು ಚಳಿಗಾಲ ಕೊಳೆತಿದ್ದ.
ನ್ಯಾಯಾಧೀಶನಿಗೂ 'ನೀನು', ಗವರ್ನರನಿಗೂ 'ನೀನು',
ಗಿರಣಿಯ ಕತ್ತೆಗೂ 'ನೀನು'.
ಎಲ್ಲರೂ ಸಮವೆಂದು ತೋರಿಸಲು
ಬಹುವಚನವನ್ನೇ ಬಿಟ್ಟುಕೊಟ್ಟ ಜನ ನಾವು.
ನಿನಗೂ ನಾನು 'ನೀನು' ಎಂದೆ, ಹೆಮ್ಮೆಯಿಂದಲೇ.
ನನಗೆ ನೀನು 'ನೀವು' ಎಂದೆ, ಹದಿನಾಲ್ಕು ವರ್ಷ.
ತಿದ್ದಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.
ಅಥವಾ ನನಗೊಬ್ಬಳಿಗೆ.

ನನ್ನ ಮೂರನೆಯ ಕೂಸು ಹೋದಾಗ
ಬರಿಯ ಹುಲ್ಲಿನಡಿ ಹೂಳಿದೆವು; ಗೋರಿಗೆ ಕಲ್ಲಿಡುವುದು
ಆಡಂಬರವೆಂದು ನಮ್ಮ ಹಿರಿಯರ ಮತ.
ಯಾರೋ ಹೊಳೆಯಿಂದ ತಂದ ಬೆಣಚುಕಲ್ಲು ಇಟ್ಟರು.
ತೆಗೆಸಿದರು. ಮತ್ತೆ ಬಂತು.
ನಿನ್ನ ಸೆರಗಂಚು ಒದ್ದೆಯಿದ್ದದ್ದು ನೋಡಿದ್ದೆ,
ಯಾರಿಗೂ ಹೇಳಲಿಲ್ಲ. ನನ್ನ ಸುಮ್ಮನಿರುವಿಕೆ
ನಿನ್ನ ಕೆಲಸಕ್ಕೆ ಬಂದದ್ದು ಅದೊಂದೇ ಸಲ.

ಹನ್ನೊಂದನೇ ವರ್ಷ, ಕೊರೆಯುವ ಚಳಿ. ಸಭಾಮನೆ.
ಗಂಡಸರು ಆಚೆ, ಹೆಂಗಸರು ಈಚೆ, ನಡುವೆ ಹಲಗೆ.
ಪಾದ್ರಿಯಿಲ್ಲ, ಹಾಡಿಲ್ಲ, ಮೌನ;
ಯಾರೊಳಗೆ ಬೆಳಕು ಕದಲುವುದೋ ಅವರು ಎದ್ದು ನುಡಿಯಬಹುದು.
ನನ್ನೊಳಗೆ ಕದಲಿದ್ದು ಬೆಳಕೋ
ಬೆಳಗಿನ ಗಂಜಿಯೋ, ಈಗಲೂ ಅರಿಯೆ.
ಕಿಟಕಿಯಾಚೆ ನೀನು, ಕುದುರೆಯ ಲಗಾಮು ಹಿಡಿದು,
ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ,
ನಮ್ಮ ಮೌನ ಮುಗಿಯಲೆಂದು ಕಾಯುತ್ತಿದ್ದೆ.

ಎದ್ದೆ. ಮೊಣಕಾಲು ಕಟಕ್ಕೆಂದಿತು, ಬಾನೆಟ್ಟುಗಳು ತಿರುಗಿದವು.
ಎಷ್ಟೊಂದು ವಾಕ್ಯಗಳಿದ್ದವು, ತಿಂಗಳುಗಟ್ಟಲೆ
ನಾರಗಸೆಯ ನೂಲಿನೊಡನೆ ಹೊಸೆದಿಟ್ಟವು:
ಮನುಷ್ಯರನ್ನು ಕೊಳ್ಳುವ ಕೈ, ಸಮಾನತೆಯ ಟೋಪಿ, ಹೀಗೆಲ್ಲ.
'ಹೊರಗೆ ನಿಂತವಳಿಗೆ ಚಳಿಯಾಗುತ್ತಿದೆ'
ಅಷ್ಟೇ ಬಂತು. ಕುಳಿತೆ.
ಆಮೇಲೆ ಹಿರಿಯ ಒಬೆಡಾಯ ಕೈಕುಲುಕಿ ಮೆಲ್ಲಗೆ ಅಂದ,
'ನಿನ್ನ ನುಡಿ ಹವಾಮಾನದ್ದಾಗಿತ್ತು, ಗೆಳತಿ.'

ದಾರಿಯುದ್ದಕ್ಕೂ ಎನಾಕ್ ಮಾತಾಡಲಿಲ್ಲ.
ಮನೆಗೆ ಬಂದು ಟೋಪಿ ತೆಗೆದು ಗೂಟಕ್ಕೆ ಹಾಕಿ
ಅದನ್ನೇ ಬಹಳ ಹೊತ್ತು ನೋಡಿದ.
ಬಿಡುಗಡೆಯ ಕಾಗದಕ್ಕೆ ಸಹಿ ಬೀಳಲು
ಇನ್ನೂ ಮೂರು ಸುಗ್ಗಿ ಬೇಕಾಯಿತು. ಆ ಮೂರನ್ನೂ
ನೀನೇ ಕೊಯ್ದೆ.

ಹೊರಡುವ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ
ಗಂಟು ಕೆಳಗಿಟ್ಟು ಕೇಳಿದೆ: 'ನನ್ನ ಕೂಲಿ?'
ನಾನೊಬ್ಬನ ಹೆಂಡತಿ. ಕಾನೂನಿನ ಪ್ರಕಾರ
ನನ್ನದೆಂದು ಒಂದು ಚಮಚವೂ ಇರಲಿಲ್ಲ.
ಅದನ್ನೇ ಹೇಳಿದೆ, ನಿನ್ನ ಮುಂದೆ,
ನನ್ನ ಬಡತನವೂ ಒಂದು ಬಡತನವೆಂಬಂತೆ.
'ಗೊತ್ತು. ಲೆಕ್ಕ ಬರೆದುಕೊಡು ನೀನು' ಅಂದೆ,
'ಕೊಡುವವರು ಎಂದಾದರೂ ಹುಟ್ಟಿಯಾರು.'

ಗಿರಣಿಯ ಹಿಟ್ಟು ಮೆತ್ತಿದ ಕಾಗದ. ಬರೆದೆ:
ಬುಧವಾರ ಹುಟ್ಟಿದ ಕೂಬಾಳಿಗೆ ಸಲ್ಲಬೇಕಾದದ್ದು.
ಕೆಳಗೆ ದಿನಗಳು. ಐದು ಸಾವಿರ ದಾಟಿದ ಮೇಲೆ
ನನ್ನ ಕೂಡುವಿಕೆ ತಪ್ಪಿತು; ನೀನು ತಿದ್ದಿಸಿದೆ.
ಮಸಿ ಬೇಗ ಆರಲಿಲ್ಲ.
ಒಲೆಯ ಬಳಿ ಕಾಗದ ಹಿಡಿದು ಇಬ್ಬರೂ ನಿಂತೆವು,
ಬಾಯಿ ಬಿಡದೆ.